ನೆಟಿಗೆ ಬೆಂಚು

ನಾನು ಒಂದು ಬೆಂಚು. ಮಲಗುವ ಬೆಂಚು ಹೌದು, ಆದರೆ ನಿದ್ದೆ ಮಾಡಲೆಂದು ನನ್ನ ಮೇಲೆ ಯಾರೂ ಮಲಗಿದ್ದಿಲ್ಲ. ಬಂದವರೆಲ್ಲ ಸೊಂಟ ಹಿಡಿದುಕೊಂಡೇ ಬಂದರು, ಬೋರಲಾಗಿ ಮಲಗಿದರು, ನನ್ನ ತಲೆಯ ಕಡೆಯಿರುವ ತೂತಿನಲ್ಲಿ ಮುಖವಿಟ್ಟು ಶಿವನನ್ನೋ ಅಲ್ಲಾನನ್ನೋ ನೆನೆದರು. ದಾವಣಗೆರೆಯ ಎಷ್ಟೋ ಬೆನ್ನುಗಳನ್ನು ನಾನು ಬಲ್ಲೆ. ಮುಖಗಳನ್ನೂ ಬಲ್ಲೆ, ಆದರೆ ಕೆಳಗಿನಿಂದ ಮಾತ್ರ. ಆ ತೂತಿನಲ್ಲಿ ಬಡವ ಬಲ್ಲಿದ ಎಲ್ಲರೂ ಒಂದೇ ತರಹ ಕಾಣುತ್ತಾರೆ. ಕೆನ್ನೆ ಜೋತುಬಿದ್ದಿರುತ್ತದೆ, ಮೂಗಿನ ತುದಿ ಕೆಂಪಗಿರುತ್ತದೆ.

ನನ್ನ ಮೈಯ ಮರ ಒಂದು ಹಳೆಯ ಹತ್ತಿ ಗಿರಣಿಯ ತೊಲೆ. ಒಳ್ಳೆಯ ತೇಗ. ಗಿರಣಿ ಮುಚ್ಚಿ ಛಾವಣಿ ಕಳಚಿದಾಗ ತೊಲೆಗಳು ಹರಾಜಾದವು. ನಾನಿದ್ದ ತೊಲೆ ವೀರಭದ್ರಾಚಾರ್ ಎಂಬ ಬಡಗಿಯ ಅಂಗಳಕ್ಕೆ ಬಂದು ಬಿತ್ತು. ಹೋಟೆಲುಗಳಿಗೆ ಬೆಂಚು ಮಾಡುವುದರಲ್ಲಿ ಆಚಾರರದು ಎತ್ತಿದ ಕೈ. ಊರಿನ ಜನ ಬೆಣ್ಣೆದೋಸೆ ತಿನ್ನಲು ಕೂರುತ್ತಿದ್ದ ಬೆಂಚುಗಳಲ್ಲಿ ಬಹಳಷ್ಟು ಅವರ ಕೈಯಲ್ಲೇ ಹುಟ್ಟಿದವು. ನಾನೂ ಒಂದು ಹೋಟೆಲು ಸೇರಿ, ಜೀವನವಿಡೀ ಬೆಣ್ಣೆಯ ವಾಸನೆಯಲ್ಲಿ ಇದ್ದುಬಿಡಬಹುದು ಎಂದು ಆಸೆಪಟ್ಟಿದ್ದೆ. ಹಣೆಯಲ್ಲಿ ಬರೆದದ್ದು ಬೇರೆ ಇತ್ತು.

ಆಗ ಡಾಕ್ಟರ್ ಇಂದುಧರ ಎಂಬವರು ಊರಿಗೆ ಮರಳಿದ್ದರು. ಬೆನ್ನುಮೂಳೆಯನ್ನು ಕೈಯಿಂದಲೇ ಒತ್ತಿ ಹದಕ್ಕೆ ತರುವ ಕೈರೋಪ್ರ್ಯಾಕ್ಟಿಕ್ ಎಂಬ ವಿದ್ಯೆಯನ್ನು ಹೊರದೇಶದಲ್ಲಿ ಕಲಿತು ಬಂದವರು. ಅದಕ್ಕೆ ಬೇಕಾದ ಬೆಂಚು ಆ ಕಾಲದಲ್ಲಿ ಇಲ್ಲಿ ಸಿಗುತ್ತಿರಲಿಲ್ಲ. ಅವರು ಆಚಾರರಿಗೆ ಉದ್ದ, ಅಗಲ, ಎತ್ತರ ಹೇಳಿ, "ಒಂದು ತೂತು ಇರ್ಬೇಕು, ಮಲಗಿದ ರೋಗಿಗಳಿಗೆ ತೊಂದ್ರೆ ಆಗ್ಬಾರ್ದು" ಎಂದು ಹೇಳಿ ಹೋದರು. ತೂತು ಎಲ್ಲಿ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ.

ಆಚಾರರಿಗೆ ತಿಳಿಯದ ವಿಷಯವೇ? ಓಣಿಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕರೊಬ್ಬರಿಗೆ ಅವರು ಮಂಚ ಮಾಡಿಕೊಟ್ಟಿದ್ದರು. ಎದ್ದು ಹೋಗಲಾರದವರಿಗೆ ಮಂಚದ ನಡುವೆ ತೂತು, ಕೆಳಗೆ ಬಕೆಟ್ಟು. ಬೆನ್ನುರೋಗಿಗಳ ಬೆಂಚಿಗೆ ಮತ್ತಿನ್ಯಾವ ತೂತು? ನನ್ನ ನಟ್ಟನಡುವೆ ಗುಂಡಗೆ ಕೊರೆದರು. ಪಾಪ, ಕೂತವರಿಗೆ ಚುಚ್ಚಬಾರದೆಂದು ಅಂಚನ್ನು ಸವರಿ ಸವರಿ ಕನ್ನಡಿ ಮಾಡಿದರು. ಬೆಂಚು ನೋಡಲು ಬಂದ ಡಾಕ್ಟರು ಆ ತೂತನ್ನು ಬಹಳ ಹೊತ್ತು ನೋಡಿದರು.

"ಇದೇನು ಆಚಾರ್ರೆ?"

"ನೀವೇ ಹೇಳಿದ್ರಲ್ಲ ತೂತು. ಎದ್ದು ಹೋಗಾಕೆ ಆಗ್ದೋರಿಗೆ ಅನುಕೂಲ ಆಗ್ಲಿ ಅಂತ."

"ಅದು ಮುಖ ಇಡೋಕೆ ಕಣ್ರಿ."

ಆಚಾರರು ಒಮ್ಮೆ ತೂತು ನೋಡಿದರು, ಒಮ್ಮೆ ಡಾಕ್ಟರ ಮುಖ ನೋಡಿದರು. "ಇದ್ರಾಗೆ ಮುಖ ಇಡ್ತಾರಾ?" ಎಂದು ಮೆಲ್ಲಗೆ ಕೇಳಿದರು. ಡಾಕ್ಟರು ಅಲ್ಲೇ ಇದ್ದ ಮರದ ದಿಮ್ಮಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಮಾತ್ರ ಬಹಳ ಅವಮಾನವಾಗಿತ್ತು.

ಆಚಾರರು ತಲೆಯ ಕಡೆಗೆ ಹೊಸ ತೂತು ಕೊರೆದುಕೊಟ್ಟರು. ನಡುವಿನದನ್ನು ಮುಚ್ಚಲು ಹೋದರೆ ತೇಗ ಮುಗಿದಿತ್ತು. ಅಂಗಳದಲ್ಲಿ ಬಿದ್ದಿದ್ದ ಬೇವಿನ ತುಂಡೊಂದನ್ನು ಗುಂಡಗೆ ಕತ್ತರಿಸಿ ಬಡಿದು ಕೂರಿಸಿದರು. ಮೇಲೆ ಸ್ಪಂಜು, ಅದರ ಮೇಲೆ ಹಸಿರು ರೆಕ್ಸಿನ್ನು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಒಳಗೆ ಮಾತ್ರ ತೇಗಕ್ಕೂ ಬೇವಿಗೂ ಎಣ್ಣೆ ಸೀಗೆಕಾಯಿ. ಅದರ ಮೇಲೆ ಯಾರಾದರೂ ಭಾರ ಹಾಕಿ ಒತ್ತಿದರೆ ಬೇವು ತೇಗಕ್ಕೆ ಉಜ್ಜಿ, ಬಾಗಿಲಾಚೆಗೂ ಕೇಳುವ ಹಾಗೆ 'ಲಟಕ್' ಎನ್ನುತ್ತಿತ್ತು. ನನ್ನ ಬದುಕೆಲ್ಲ ಆ ಒಂದು ಸದ್ದಿನ ಮೇಲೆ ನಿಂತಿತು.

ಡಾಕ್ಟರು ಕ್ಲಿನಿಕ್ ತೆರೆದು ಕೈರೋಪ್ರ್ಯಾಕ್ಟಿಕ್ ಎಂದು ಬೋರ್ಡು ಹಾಕಿಸಿದರು. ಜನ ಅದರಲ್ಲಿ ಮೊದಲ ಅಕ್ಷರವನ್ನಷ್ಟೇ ಓದಿ 'ಕೈ ಡಾಕ್ಟ್ರು' ಎಂದು ಹೆಸರಿಟ್ಟರು. ಮೊದಲ ತಿಂಗಳು ಬಂದವರೆಲ್ಲ ಕೈ ಮುರಿದುಕೊಂಡವರೇ. ಡಾಕ್ಟರು ಬೇಸರ ಮಾಡಿಕೊಳ್ಳದೆ ಅವರನ್ನೆಲ್ಲ ಮೂಳೆ ಆಸ್ಪತ್ರೆಗೆ ಕಳಿಸುತ್ತಿದ್ದರು. ಆ ವಿದೇಶಿ ಪದದ ಮೂಲದಲ್ಲೂ ಕೈ ಎಂಬ ಅರ್ಥವೇ ಇದೆಯಂತೆ. "ಗೊತ್ತಿಲ್ದೇನೆ ಸರಿಯಾಗೇ ಕರೀತಾರೆ" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು.

ಹಾಲಮ್ಮ ಬಂದದ್ದು ಆ ದಿನಗಳಲ್ಲೇ. ನಾನು ಹೇಳಹೊರಟಿರುವುದು ನನ್ನ ಕಥೆಯಾದರೂ ಅದು ಹೆಚ್ಚುಕಡಿಮೆ ಅವಳ ಕಥೆ. ಹಾಲಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವಳು. ದೊಡ್ಡ ಒಲೆ, ಅದರ ಮೇಲೆ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಉಪ್ಪುನೀರು ಉಂಡ ಅಕ್ಕಿಯನ್ನು ಆ ಮರಳಿಗೆ ಸುರಿದು ಕೈಯಾಡಿಸಿದರೆ ಅದು ಅರಳಿ ಮಂಡಕ್ಕಿಯಾಗುತ್ತದೆ. ಅರಳಿದ್ದನ್ನು ಕಪ್ಪಗಾಗುವ ಮೊದಲೇ ಜಲ್ಲಡಿಗೆ ಎತ್ತಿ ಪಕ್ಕಕ್ಕೆ ಸುರಿಯಬೇಕು. ಬಗ್ಗು, ಎತ್ತು, ತಿರುಗು, ಸುರಿ. ಮದುವೆಯಾಗಿ ಬಂದಾಗಿನಿಂದ ಹಾಲಮ್ಮ ಮಾಡಿದ್ದು ಅದನ್ನೇ. ಗಂಡ ತೀರಿಕೊಂಡ ಮೇಲೆ ಆ ಒಲೆಯೇ ಮನೆ ನಡೆಸಿತು. ಅವಳ ಮಂಡಕ್ಕಿ ಹಲ್ಲಿಗೆ ಗರಿಗರಿ, ಗಂಟಲಿಗೆ ಹತ್ತುವುದಿಲ್ಲ ಎಂದು ಭಟ್ಟಿಯವರೆಲ್ಲ ಹೇಳುತ್ತಿದ್ದರು.

ಅವಳು ಬಾಗಿಲಲ್ಲಿ ನಿಂತಾಗ ಅರ್ಧ ಮುರಿದ ಕೊಂಬೆಯ ಹಾಗೆ ಒಂದು ಕಡೆಗೆ ವಾಲಿದ್ದಳು. ಸೊಂಟ ಹಿಡಿದುಕೊಂಡ ಮೇಲೆ ಅವಳು ಮೊದಲು ಹೋದದ್ದು ಪರಸಪ್ಪ ಎಂಬವನ ಹತ್ತಿರ. ಅವನೇನು ವೈದ್ಯನಲ್ಲ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವನು, ಅಷ್ಟೆ. ಅಂಥವರು ಒದ್ದರೆ ಸೊಂಟದ ಹಿಡಿತ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಪರಸಪ್ಪ ಪ್ರೀತಿಯಿಂದಲೇ ಒದ್ದಿದ್ದ. ಹಿಡಿತ ಬಿಡುವ ಬದಲು ಇನ್ನೊಂದು ಕಡೆಗೂ ಹಬ್ಬಿತ್ತು.

ಡಾಕ್ಟರು ಅವತ್ತು ಅವಳನ್ನು ಒತ್ತಲಿಲ್ಲ. ಕಾಲು ಜೋಮು ಹಿಡಿಯುತ್ತದೆಯೇ, ಎಲ್ಲಿ ಶುರುವಾಗಿ ಎಲ್ಲಿಗೆ ಇಳಿಯುತ್ತದೆ ಎಂದೆಲ್ಲ ಕೇಳಿದರು, ಎಕ್ಸ್‌ರೇ ತೆಗೆಸಿಕೊಂಡು ಬರಲು ಹೇಳಿದರು. ಹಾಲಮ್ಮನಿಗೆ ಇದು ಹಿಡಿಸಲಿಲ್ಲ. ಒದೆಯುವ ಪರಸಪ್ಪನೇ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಆದರೂ ಎಕ್ಸ್‌ರೇ ಹಿಡಿದುಕೊಂಡು ಮತ್ತೆ ಬಂದಳು. ಡಾಕ್ಟರು ಅದನ್ನು ನೋಡಿ, ಅವಳನ್ನು ನನ್ನ ಮೇಲೆ ಬೋರಲು ಮಲಗಿಸಿ, ಬೆರಳಿನಿಂದ ಬೆನ್ನನ್ನು ಓದುತ್ತಾ ಕೆಳಗಿಳಿದರು. ಸೊಂಟದ ಹತ್ತಿರ ಅಂಗೈ ಊರಿ, ಅವಳು ಉಸಿರು ಬಿಡುವುದನ್ನೇ ಕಾದು, ಚಕ್ಕನೆ ಒತ್ತಿದರು.

ಲಟಕ್.

ತೂತಿನಲ್ಲಿ ಹಾಲಮ್ಮನ ಕಣ್ಣು ಅಗಲವಾದದ್ದನ್ನು ಕಂಡವನು ನಾನೊಬ್ಬನೇ. "ಯವ್ವಾ, ನೆಟಿಗೆ ಮುರೀತು" ಎಂದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗುವಿಗೆ ಕೆಟ್ಟ ಕಣ್ಣು ತಾಗಿದೆ ಅನ್ನಿಸಿದಾಗ ತಾಯಂದಿರು ಅದರ ಕೆನ್ನೆಯನ್ನು ಎರಡೂ ಕೈಯಿಂದ ನೇವರಿಸಿ, ಬೆರಳುಗಳನ್ನು ಮಡಚಿ ತಮ್ಮ ಕಪಾಳಕ್ಕೆ ಒತ್ತುತ್ತಾರಲ್ಲ, ಆಗ ಲಟಲಟ ಅನ್ನುತ್ತದಲ್ಲ, ಅದೇ ನೆಟಿಗೆ. ಸದ್ದು ಜೋರಾದಷ್ಟೂ ದೃಷ್ಟಿ ಜೋರಾಗಿತ್ತು ಎಂದು ಅರ್ಥ. ಹಾಲಮ್ಮನ ಲೆಕ್ಕದಲ್ಲಿ ಅವಳ ಸೊಂಟಕ್ಕೆ ಯಾರದೋ ಕಣ್ಣು ಬಿದ್ದಿತ್ತು, ಡಾಕ್ಟರು ನೆಟಿಗೆ ಮುರಿದು ತೆಗೆದುಹಾಕಿದರು.

"ದಿಷ್ಟಿ ಗಿಷ್ಟಿ ಏನೂ ಅಲ್ಲ ಹಾಲಮ್ಮ" ಎಂದರು ಡಾಕ್ಟರು. "ಕೀಲು ಬಿಗಿದಿತ್ತು, ಸಡಿಲ ಮಾಡ್ದೆ. ಆ ಸದ್ದು ನಿಮ್ಮ ಮೂಳೆದೂ ಅಲ್ಲ, ಬೆಂಚಿಂದು. ಒಳಗೊಂದು ತುಂಡು ಐತೆ, ಅದು ಹಂಗೆ ಸದ್ದು ಮಾಡ್ತತಿ."

ಹಾಲಮ್ಮ ಮಹಾ ಜಾಣೆಯ ಹಾಗೆ ನಕ್ಕಳು. ದೊಡ್ಡ ಕೈಗುಣದವರು ತಮ್ಮ ಬಾಯಿಂದ ತಾವೇ ಹೇಳಿಕೊಳ್ಳುತ್ತಾರೆಯೇ? ಅವಳು ನೆಟ್ಟಗೆ ನಡೆದುಕೊಂಡು ಹೋದಳು. ಮಾರನೆಯ ವಾರ ಅರ್ಧ ಭಟ್ಟಿ ಕ್ಲಿನಿಕ್ಕಿನಲ್ಲಿತ್ತು. ನನಗೆ ನೆಟಿಗೆ ಬೆಂಚು ಎಂದು ಹೆಸರಾಯಿತು.

ಡಾಕ್ಟರು ಸತ್ಯವನ್ನು ಎಲ್ಲರಿಗೂ ಹೇಳಿದರು, ಒಬ್ಬರೂ ನಂಬಲಿಲ್ಲ. ಒಮ್ಮೆ ಆಚಾರರನ್ನು ಕರೆಸಿ ಬೇವಿನ ತುಂಡಿಗೆ ಮೊಳೆ ಹೊಡೆಸಿದರು. ನಾನು ಮೂಕನಾದೆ. ಅವತ್ತು ಮಲಗಿ ಎದ್ದವರೆಲ್ಲ ಮುಖ ಸಣ್ಣ ಮಾಡಿಕೊಂಡು, "ಇವತ್ಯಾಕೋ ಡಾಕ್ಟ್ರಿಗೆ ಮನಸ್ಸಿಲ್ಲ" ಎಂದು ಹೊರಗೆ ಮಾತಾಡಿಕೊಂಡರು. ಸಂಜೆಯೊಳಗೆ ಡಾಕ್ಟರೇ ಮೊಳೆ ಕಿತ್ತು ಬಿಸಾಕಿದರು.

ಹಾಲಮ್ಮನ ಕಷ್ಟ ಆ ಸದ್ದಿನ ನಂಬಿಕೆಯಿಂದಲೇ ಶುರುವಾಯಿತು. ಡಾಕ್ಟರು ಅವಳಿಗೆ ದಿನಾ ಮಾಡಲು ಕೆಲವು ಕಸರತ್ತು ಹೇಳಿಕೊಟ್ಟಿದ್ದರು. ಬೆಕ್ಕು ಮೈ ಮುರಿಯುವ ಹಾಗೆ ಕೈಕಾಲು ಊರಿ ಬೆನ್ನು ಎತ್ತಿ ಇಳಿಸುವುದು, ಬೋರಲು ಮಲಗಿ ಎದೆ ಎತ್ತುವುದು, ಹೀಗೆ. ಕ್ಲಿನಿಕ್ಕಿನ ಪೊರಕೆಯನ್ನು ಅವಳ ಕೈಗೆ ಕೊಟ್ಟು ಭಟ್ಟಿಯಲ್ಲಿ ಹೇಗೆ ಕೆಲಸ ಮಾಡುತ್ತೀರಿ ತೋರಿಸಿ ಎಂದು ಕೇಳಿ, "ಸೊಂಟ ತಿರುಗಿಸ್ಬೇಡ್ರಿ, ಪಾದ ತಿರುಗಿಸ್ರಿ. ಮೈ ತಾನೇ ಹಿಂದೆ ಬರ್ತತಿ" ಎಂದೂ ಹೇಳಿದ್ದರು. ಹಾಲಮ್ಮ ಎಲ್ಲದಕ್ಕೂ ತಲೆಯಾಡಿಸಿದ್ದಳು. ಮಾಡಿದ್ದು ಒಂದೂ ಇಲ್ಲ. ನೆಟಿಗೆ ಮುರಿದ ಮೇಲೆ ಮತ್ತೆಂಥ ಬೆಕ್ಕು? ನೋವು ಹೋದೊಡನೆ ಮಾಯವಾಗುತ್ತಿದ್ದಳು, ನೋವು ಬಂದೊಡನೆ ಆಟೋದಲ್ಲಿ ಬಂದು ಮಲಗುತ್ತಿದ್ದಳು. ಪ್ರತಿ ಸಲ ಬರುವಾಗಲೂ ಹಿಂದಿನ ಸಲಕ್ಕಿಂತ ಒಂದು ಸ್ವಲ್ಪ ಹೆಚ್ಚು ಬಗ್ಗಿರುತ್ತಿದ್ದಳು. ಅದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು, ಏಕೆಂದರೆ ಮಲಗಿದಾಗ ಅವಳ ಹೊಟ್ಟೆಗೂ ನನ್ನ ರೆಕ್ಸಿನ್ನಿಗೂ ನಡುವೆ ಗಾಳಿಯಾಡುವ ಜಾಗ ಬೆಳೆಯುತ್ತಿತ್ತು.

ಒಂದು ಬೇಸಿಗೆಯ ಬೆಳಿಗ್ಗೆ ಅವಳನ್ನು ಇಬ್ಬರು ಹಿಡಿದುಕೊಂಡು ಬಂದರು. ಬಲಗಾಲು ಪಾದದವರೆಗೂ ಮರಗಟ್ಟಿತ್ತು. ಚಪ್ಪಲಿ ಕಾಲಿನಿಂದ ಜಾರಿಹೋದದ್ದೂ ತಿಳಿದಿರಲಿಲ್ಲ. ನನ್ನ ಮೇಲೆ ಮಲಗಿಸಿದರು. ಡಾಕ್ಟರು ಪಾದ ಮುಟ್ಟಿ, ಬೆರಳು ಎತ್ತಲು ಹೇಳಿ, ಹಿಮ್ಮಡಿಯ ಮೇಲೆ ತಟ್ಟಿ ನೋಡಿದರು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಇವತ್ತು ಒತ್ತಲ್ಲ ಹಾಲಮ್ಮ. ಒತ್ತಬಾರ್ದು. ನರದ ಡಾಕ್ಟ್ರಿಗೆ ಚೀಟಿ ಕೊಡ್ತೀನಿ, ಈಗ್ಲೇ ಹೋಗ್ರಿ."

"ಒಂದೇ ಒಂದ್ಸಲ ಲಟಕ್ ಅನ್ನಿಸ್ರಿ ಸಾಕು."

"ಆಗಲ್ಲ."

"ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಬೀಳಲು ಅವಳಿಂದ ಆಗುತ್ತಿರಲಿಲ್ಲ. ತೂತಿನಲ್ಲಿ ಅವಳ ಮುಖ ಕಿವುಚಿಕೊಂಡಿತು, ಕಣ್ಣೀರು ನನ್ನ ಕೆಳಗಿನ ನೆಲಕ್ಕೆ ಬಿತ್ತು. ಆ ನೀರು ಬೀಳುವುದನ್ನು ನೋಡುತ್ತಾ ನಾನು ನಾಚಿ ಸತ್ತೆ. ಅವಳು ಬೇಡುತ್ತಿದ್ದದ್ದು ನನ್ನ ಹೊಟ್ಟೆಯೊಳಗಿನ ಒಂದು ಬೇವಿನ ತುಂಡನ್ನು.

ಡಾಕ್ಟರು ಮಣೆಯೊಂದನ್ನು ಎಳೆದುಕೊಂಡು ನೆಲದ ಮೇಲೆಯೇ ಕೂತರು, ತೂತಿನಲ್ಲಿ ಅವಳ ಮುಖ ಕಾಣುವ ಹಾಗೆ. "ಯಾಕೆ ಇಷ್ಟು ಹೆದರ್ತೀರಿ?" ಎಂದು ಕೇಳಿದರು.

ಆಗ ಹಾಲಮ್ಮ ತನ್ನ ತಾಯಿಯ ವಿಷಯ ಹೇಳಿದಳು. ತಾಯಿಯೂ ಒಲೆಯ ಮುಂದೆಯೇ ಸವೆದವಳು. ಕೊನೆಕೊನೆಗೆ ಬೆನ್ನು ಕುಡುಗೋಲಿನ ಹಾಗಾಗಿ ನೆಲ ಬಿಟ್ಟು ಬೇರೇನೂ ಕಾಣದಂತಾದಳು. "ಪಾದ ನೋಡಿ ಇಂಥೋರು ಬಂದ್ರು ಅಂತಿದ್ಲು. ನನ್ ಮಗಳು ಸಣ್ಣೋಳಿದ್ದಾಗ ಮುಖ ಕಾಣ್ತಿತ್ತು, ನೆಲದ ಮ್ಯಾಲೆ ಆಡ್ತಿದ್ಲಲ್ಲ. ಅದು ಎದ್ದು ನಿಂತು ಬೆಳೆದಂಗೆಲ್ಲ ಅವ್ವಂಗೆ ಮುಖ ದೂರ ಆತು. ಸಾಯೋ ಮುಂದೆ ಮೊಮ್ಮಗಳ ಪಾದ ಹಿಡ್ಕಂಡು, ನೀ ಹೆಂಗದೀಯೇ ಈಗ ಅಂತ ಕೇಳಿದ್ಲು. ನನಗೂ ಹಂಗೇ ಆದ್ರೆ? ಈಗ ಮಗಳ ಹೊಟ್ಟ್ಯಾಗೆ ಒಂದ್ ಹೆಣ್ಣು ಹುಟ್ಟೇತಿ. ಅದರ ಮುಖಾನೂ ನನಗೆ ದೂರ ಆಗ್ತತಿ."

ಡಾಕ್ಟರು ಮಣೆಯನ್ನು ಇನ್ನೂ ಹತ್ತಿರ ಎಳೆದುಕೊಂಡು, "ಒಂದು ಕೇಳ್ತೀನಿ" ಎಂದರು. "ಮಗೂಗೆ ದಿಷ್ಟಿ ಒಂದ್ಸಲ ತೆಗೆದ್ರೆ ಮುಗೀತಾ?"

"ಅದೆಂಗ್ ಮುಗೀತತಿ? ಮಗು ಹೊರಗೆ ಹೋಗ್ತತಿ, ಬರ್ತತಿ, ಹತ್ತು ಜನ ನೋಡ್ತಾರೆ. ದಿನಾ ಸಂಜೆ ತೆಗೀಬೇಕು. ಅಮಾಸೆಗೆ ಒಂದೀಟು ದೊಡ್ಡದಾಗಿ ತೆಗೀಬೇಕು."

"ಬೆನ್ನೂ ಹಂಗೇ ಅಲ್ವೇನ್ರಿ? ದಿನಾ ಭಟ್ಟಿಗೆ ಹೋಗ್ತತಿ, ಬರ್ತತಿ. ದಿನಾ ಸಂಜೆದು ನೀವು ತೆಗೀಬೇಕು. ಅಮಾಸೆದು ನಾನು ತೆಗೀತೀನಿ."

ಹಾಲಮ್ಮನ ಕಣ್ಣೀರು ನಿಂತಿತು. ಕಣ್ಣುಗಳು ನೆಲದ ಮೇಲೆ ಕೂತಿದ್ದ ಡಾಕ್ಟರ ಮುಖವನ್ನು ನೋಡುತ್ತಾ ಯೋಚನೆ ಮಾಡುವುದು ನನಗೆ ಕಾಣಿಸಿತು. ಇಷ್ಟು ದಿನ ಡಾಕ್ಟರು ಹೇಳಿದ್ದೆಲ್ಲ ಅವಳಿಗೆ ಡಾಕ್ಟರ ಮಾತಾಗಿತ್ತು. ಇದು ಅವಳ ಅವ್ವನ ಮಾತಿನ ಹಾಗೆ ಕೇಳಿಸಿರಬೇಕು.

ನರದ ಡಾಕ್ಟರು ಈಗಲೇ ಆಪರೇಷನ್ ಬೇಡ, ಕಾದು ನೋಡೋಣ ಎಂದು ಔಷಧಿ, ವಿಶ್ರಾಂತಿ ಹೇಳಿದರಂತೆ. ಮಳೆಗಾಲ ಶುರುವಾಗುವ ಹೊತ್ತಿಗೆ ಕಾಲಿಗೆ ಜೀವ ಬಂದಿತ್ತು. ಆ ಡಾಕ್ಟರು ಒಪ್ಪಿದ ಮೇಲೆಯೇ ನಮ್ಮ ಡಾಕ್ಟರು ಮತ್ತೆ ಅವಳನ್ನು ಮುಟ್ಟಿದ್ದು. ಅವಳು ಕೋಲೂರಿಕೊಂಡು ಬಂದ ಆ ದಿನ ಅಮಾವಾಸ್ಯೆ. ಭಟ್ಟಿಗೆ ರಜ, ಒಲೆಗೆ ಪೂಜೆ. ಪೂಜೆಯ ಕುಂಕುಮ ಹಣೆಯ ಮೇಲೆ ಹಾಗೇ ಇತ್ತು.

ಅಲ್ಲಿಂದ ಮುಂದೆ ಅವಳು ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ. ನೋವಿದ್ದರೂ ಬಂದಳು, ಇಲ್ಲದಿದ್ದರೂ ಬಂದಳು. ಮನೆಯಲ್ಲಿ ದೀಪ ಹಚ್ಚಿದ ಮೇಲೆ ಚಾಪೆ ಹಾಸಿ ಬೆಕ್ಕಾಗುತ್ತಿದ್ದಳಂತೆ. ನೋಡಿದವರು ನಕ್ಕರೆ, "ನನ್ ಬೆನ್ನಿನ ದಿಷ್ಟಿ ನಾನು ತೆಗ್ಕಂತೀನಿ, ನಿಮಗೇನಾತು" ಎನ್ನುತ್ತಿದ್ದಳಂತೆ. ಇವನ್ನೆಲ್ಲ, ಮಾತು ಕಲಿತ ಮೇಲೆ ಅವಳ ಜೊತೆ ಬರತೊಡಗಿದ ಮೊಮ್ಮಗಳು ಕ್ಲಿನಿಕ್ಕಿನಲ್ಲಿ ಚಾಡಿ ಹೇಳುತ್ತಿದ್ದಳು. ಆ ಹುಡುಗಿಯ ಹೆಸರು ತನುಜ. ಅಜ್ಜಿ ಮಲಗಿದೊಡನೆ ಅದು ನನ್ನ ಕೆಳಗೆ ನುಸುಳಿ, ಅಂಗಾತ ಮಲಗಿ, ತೂತಿನೊಳಗಿನ ಅಜ್ಜಿಯ ಮುಖಕ್ಕೆ ನಾಲಿಗೆ ಚಾಚುತ್ತಿತ್ತು. ಅಜ್ಜಿ ನಕ್ಕರೆ ಬೆನ್ನು ಅಲುಗುತ್ತದೆ, ಡಾಕ್ಟರು ಗದರುತ್ತಾರೆ, ಹುಡುಗಿ ಮತ್ತೆ ನಾಲಿಗೆ ಚಾಚುತ್ತದೆ. ಅಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿ ನಕ್ಕ ಅಜ್ಜಿ ಮೊಮ್ಮಗಳನ್ನು ನಾನು ಬೇರೆ ಕಂಡಿಲ್ಲ.

ವರ್ಷಗಳು ಕಳೆದಂತೆ ಡಾಕ್ಟರು ಅವಳನ್ನು ಒತ್ತುವುದು ಕಡಿಮೆಯಾಯಿತು, ನೋಡುವುದು ಹೆಚ್ಚಾಯಿತು. ಕೆಲವು ಅಮಾವಾಸ್ಯೆ ಬರೀ ಬೆರಳಾಡಿಸಿ, "ಇವತ್ತು ಏನೂ ಬೇಡ, ಚೆನ್ನಾಗೈತೆ" ಎನ್ನುತ್ತಿದ್ದರು. ಆದರೂ ಅವಳು ಏಳುವ ಮೊದಲು ಮೆಲ್ಲಗೆ ಒಂದು ಲಟಕ್ ಅನ್ನಿಸಿಯೇ ಕಳಿಸುತ್ತಿದ್ದರು. "ಇದು ಬೆಂಚಿಂದು" ಎಂದು ಹೇಳಲು ಮರೆಯುತ್ತಿರಲಿಲ್ಲ. ಅವಳು ನಂಬಲು ಒಪ್ಪುತ್ತಿರಲಿಲ್ಲ. ಭಟ್ಟಿಯಲ್ಲಿ ಅವಳು ಪಾದ ತಿರುಗಿಸಿ ಸುರಿಯುವುದನ್ನು ನೋಡಿ ಬೇರೆ ಹೆಂಗಸರೂ ಕಲಿತರು. ಒಲೆಯ ಕಟ್ಟೆ ಎತ್ತರಿಸದಿದ್ದರೆ ಕೆಲಸಕ್ಕೆ ಬರುವುದಿಲ್ಲ ಎಂದು ಅವರೆಲ್ಲ ಒಂದಾಗಿ ಹಟ ಹಿಡಿದರು, ಮಾಲೀಕ ಗೊಣಗುತ್ತಲೇ ಮೇಲೆ ಇಟ್ಟಿಗೆ ಕಟ್ಟಿಸಿದ. ಒದೆಯುವ ಪರಸಪ್ಪನೂ ಒಂದು ದಿನ ನನ್ನ ಮೇಲೆ ಬಂದು ಮಲಗಿದ. ಒದ್ದು ಒದ್ದು ಅವನ ಸೊಂಟವೇ ಹಿಡಿದುಕೊಂಡಿತ್ತು. ನನಗೆ ನಗು ತಡೆಯಲಾಗದೆ ಆವತ್ತು ಸ್ವಲ್ಪ ಜೋರಾಗಿಯೇ ಲಟಕ್ ಎಂದೆ.

ಡಾಕ್ಟರ್ ಇಂದುಧರರ ಕೂದಲು ಬೆಳ್ಳಗಾಯಿತು. ಅವರ ಹತ್ತಿರ ಕೆಲಸ ಕಲಿತ ಡಾಕ್ಟರ್ ನಿಖತ್ ಎಂಬ ಹೆಣ್ಣುಮಗಳು ಕ್ಲಿನಿಕ್ ವಹಿಸಿಕೊಂಡಳು. ಹೊರಡುವ ದಿನ ಹಿರಿಯ ಡಾಕ್ಟರು ನನ್ನ ಮೇಲೆ ಒಮ್ಮೆ ತಾವೇ ಮಲಗಿ, ತೂತಿನಲ್ಲಿ ಮುಖವಿಟ್ಟು, "ಒಳಗಿಂದ ನೋಡೋಕೆ ನೆಲ ಇಷ್ಟು ಚೆನ್ನಾಗಿ ಕಾಣುತ್ತೆ ಅಂತ ಗೊತ್ತೇ ಇರಲಿಲ್ಲ" ಎಂದರು. ಅಷ್ಟು ವರ್ಷ ಅವರ ಮುಖ ನನಗೆ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಒಳ್ಳೆಯ ಮುಖ. ಆ ಒಂದು ನಿಮಿಷಕ್ಕೆ ನಾನು ಅವರಿಗೆ ಋಣಿ.

ನಿಖತ್ ಒಳ್ಳೆಯ ಕೈಯವಳು. ಅವಳು ಹೊಸ ಮೇಜು ತರಿಸಿದಳು. ಗುಂಡಿ ಒತ್ತಿದರೆ ಏಳುತ್ತದೆ, ಇಳಿಯುತ್ತದೆ, ತುಂಡುತುಂಡಾಗಿ ಬಾಗುತ್ತದೆ. ಒಂದಿಷ್ಟೂ ಸದ್ದಿಲ್ಲ. ನನ್ನನ್ನು ಹಿಂದಿನ ವರಾಂಡಕ್ಕೆ ಸರಿಸಿ ಮೇಲೆ ಹಳೆಯ ಪರದೆಗಳನ್ನು ಪೇರಿಸಿದರು. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅದಾದ ಮೊದಲ ಅಮಾವಾಸ್ಯೆಗೆ ಹಾಲಮ್ಮ ಬಂದಳು. ವಯಸ್ಸಾಗಿತ್ತು, ಭಟ್ಟಿ ಬಿಟ್ಟಿದ್ದಳು, ಆದರೆ ನಡಿಗೆ ನೆಟ್ಟಗಿತ್ತು. ಒಳಗೆ ಹೊಸ ಮೇಜಿನ ಮೇಲೆ ಮಲಗಿದಳು. ನಿಖತ್ ಒತ್ತಿದಳು. ನಾನು ವರಾಂಡದಿಂದ ಕಿವಿಗೊಟ್ಟಿದ್ದೆ. ಏನೂ ಕೇಳಿಸಲಿಲ್ಲ.

"ಇನ್ನೊಂದ್ಸಲ ಒತ್ತವ್ವ" ಎಂದಳು ಹಾಲಮ್ಮ.

"ಆಯ್ತು ಅಜ್ಜಿ, ಮುಗೀತು. ಬೆನ್ನು ಚೆನ್ನಾಗಿದೆ."

"ಸದ್ದು ಬರ್ಲಿಲ್ಲಲ್ಲ."

"ಸದ್ದು ನಿಮ್ಮ ಬೆನ್ನಿಂದಲ್ಲ ಅಜ್ಜಿ. ಆ ಹಳೇ ಬೆಂಚಿಂದು. ಸರ್ ನಿಮಗೆ ಎಷ್ಟು ಸಲ ಹೇಳಿಲ್ಲ?"

ಹಾಲಮ್ಮನ ದನಿ ಸಣ್ಣದಾಯಿತು. "ಎಲ್ರೂ ಹಂಗೇ ಅಂತಾರೆ. ಇವತ್ತು ಹೋಗಿಲ್ಲ ಅದು. ನನಗೆ ಗೊತ್ತಾಗ್ತತಿ, ಹೋಗಿಲ್ಲ."

ನಿಖತ್ ಅವಳ ಕೈ ಹಿಡಿದು ವರಾಂಡಕ್ಕೆ ಕರೆದುಕೊಂಡು ಬಂದಳು. ಪರದೆಗಳನ್ನು ಎತ್ತಿ ಪಕ್ಕಕ್ಕಿಟ್ಟ ಮೇಲೆ ನಾನು ಬರಿದಾಗಿ ನಿಂತೆ. ನನ್ನ ಮೇಲೆ ಯಾರೂ ಮಲಗಿರಲಿಲ್ಲ. ನಿಖತ್ ಅಂಗೈಯನ್ನು ನನ್ನ ನಡುವಿಗೆ ಊರಿ ಒತ್ತಿದಳು. ಒಮ್ಮೆ ಸುಮ್ಮನಿದ್ದುಬಿಡೋಣ ಅನ್ನಿಸಿತು ನನಗೆ. ಇಷ್ಟು ವರ್ಷ ನಂಬಿದ ಮುದುಕಿಯ ಎದುರು ಹೇಗೆ ಬಾಯಿ ಬಿಡಲಿ? ದಿನಾ ಸಂಜೆಯ ಚಾಪೆ, ತಪ್ಪದ ಅಮಾವಾಸ್ಯೆ, ಆ ನೆಟ್ಟಗಿನ ನಡಿಗೆ, ಎಲ್ಲ ಈ ಒಂದು ಸದ್ದಿಗೆ ಕಟ್ಟಿದ ಗಂಟು. ಅದು ಬಿಚ್ಚಿಹೋದರೆ ಅವಳು ಎಲ್ಲವನ್ನೂ ಬಿಟ್ಟುಬಿಟ್ಟರೆ? ಆದರೆ ಬೇವಿಗೆ ಬುದ್ಧಿ ಎಲ್ಲಿಂದ ಬರಬೇಕು.

ಲಟಕ್.

ಹಾಲಮ್ಮ ನಿಂತಲ್ಲೇ ನಿಂತಳು. ನಿಖತ್ ಮತ್ತೆ ಒತ್ತಿದಳು, ಮತ್ತೆ ಲಟಕ್. ಆಮೇಲೆ ಹಾಲಮ್ಮ ತಾನೇ ಬಂದು ಒತ್ತಿ ನೋಡಿದಳು.

"ನೋಡಿದ್ರಾ?" ಎಂದಳು ನಿಖತ್. ಹೇಳಿದ ಮೇಲೆ ಅವಳಿಗೇ ಪಾಪ ಅನ್ನಿಸಿರಬೇಕು, "ಬೇಜಾರು ಮಾಡ್ಕೋಬೇಡಿ ಅಜ್ಜಿ. ನಿಮ್ಮ ಬೆನ್ನು ಚೆನ್ನಾಗಿರೋದು ನೀವು ಮಾಡಿದ್ದರಿಂದ" ಎಂದಳು.

ಹಾಲಮ್ಮ ಅವಳನ್ನು ನೋಡಿ ತಲೆಯಾಡಿಸಿದಳು, ಓದಿದವರಿಗೆ ಇಷ್ಟೂ ತಿಳಿಯದೇ ಎನ್ನುವ ಹಾಗೆ. "ನಿಮ್ಮವ್ವ ನಿನಗೆ ದಿಷ್ಟಿ ತೆಗೀತಿದ್ಲೇನು?"

"ತೆಗೀತಿದ್ರು. ನಮ್ಮಮ್ಮೀನೂ ಹಿಂಗೇ ಬೆರಳು ಮುರೀತಿದ್ರು."

"ಸದ್ದು ನಿನ್ ಮುಖದಾಗಿಂದ ಬರ್ತಿತ್ತಾ?"

"ಇಲ್ಲ. ಅವರ ಬೆರಳಿಂದ."

"ಮತ್ತೆ? ನೆಟಿಗೆ ಮುರಿಯೋದು ಮಗೂಂದಲ್ಲ ತಾಯಿ, ತೆಗೆಯೋರ್ದು. ನನ್ ದಿಷ್ಟೀನೆಲ್ಲ ಇಷ್ಟ್ ವರ್ಷ ಇದು ತನ್ ಮೈ ಮ್ಯಾಲೆ ತಗಂಡೈತಿ." ಅವಳು ನನ್ನ ತಲೆಯಿಂದ ಕಾಲಿನವರೆಗೆ ಎರಡೂ ಕೈಯಿಂದ ನೇವರಿಸಿದಳು. ರೆಕ್ಸಿನ್ನು ಹರಿದ ಕಡೆ ಅವಳ ಬೆರಳು ನನ್ನ ತೇಗಕ್ಕೇ ತಾಗಿತು. ಆ ಬೆರಳುಗಳನ್ನು ಮಡಚಿ ಕಪಾಳಕ್ಕೆ ಒತ್ತಿಕೊಂಡಳು. ಜಲ್ಲಡಿ ಹಿಡಿದು ಹಿಡಿದು ಕೀಲು ದಪ್ಪಗಾಗಿದ್ದ ಬೆರಳು, ಸದ್ದೇ ಬರಲಿಲ್ಲ. "ಇವಕ್ಕೆ ವಯಸ್ಸಾತು" ಎಂದು ನಕ್ಕಳು. ನನ್ನ ಮೇಲೆ ಎಷ್ಟೋ ಜನ ಮಲಗಿ ಎದ್ದು ಡಾಕ್ಟರಿಗೆ ಕೈ ಮುಗಿದು ಹೋಗಿದ್ದರು. ನನ್ನನ್ನು ನೇವರಿಸಿದವಳು ಇವಳೊಬ್ಬಳು. ಆ ಸುಖವನ್ನು ಹೇಳಲು ನನ್ನ ಹತ್ತಿರ ಮಾತಿಲ್ಲ.

ಅವತ್ತೇ ಅವಳು ನನ್ನನ್ನು ಕೇಳಿ ಪಡೆದಳು. ನಿಖತ್ ಸಂತೋಷದಿಂದ ಕೊಟ್ಟಳು. ಮಂಡಕ್ಕಿ ಚೀಲದ ಗಾಡಿಯ ಮೇಲೆ ಮೆರವಣಿಗೆಯಲ್ಲಿ ಹೊರಟ ಹಾಗೆ ಹೊರಟೆ. ಈಗ ನಾನಿರುವುದು ಭಟ್ಟಿಯ ಓಣಿಯಲ್ಲಿ, ಹಾಲಮ್ಮನ ಮನೆಯ ಮುಂದಿನ ಚಪ್ಪರದ ಕೆಳಗೆ. ಕೆಲಸ ಮುಗಿಸಿ ಬರುವ ಹೆಂಗಸರು ನನ್ನ ಮೇಲೆ ಕೂತು ಚಹಾ ಕುಡಿಯುತ್ತಾರೆ. ಹಾಲಮ್ಮ ಅವರನ್ನು ಸುಮ್ಮನೆ ಕೂರಲು ಬಿಡುವುದಿಲ್ಲ, ಚಾಪೆ ಹಾಸಿ ಬೆಕ್ಕು ಮಾಡಿಸುತ್ತಾಳೆ. ಅಮಾವಾಸ್ಯೆಗೆ ಅವರನ್ನೆಲ್ಲ ಕಟ್ಟಿಕೊಂಡು ಸದ್ದಿಲ್ಲದ ಮೇಜಿಗೇ ಹೋಗುತ್ತಾಳೆ. ಬೆಣ್ಣೆಯ ವಾಸನೆ ಸಿಗದಿದ್ದರೂ ಮಂಡಕ್ಕಿಯ ವಾಸನೆ ಸಿಕ್ಕಿತು. ನನಗೆ ಇಷ್ಟು ಸಾಕು. ತಪ್ಪಾಗಿ ಕೊರೆದ ಬಡಗಿಗೆ, ಮೊಳೆ ಕಿತ್ತ ಡಾಕ್ಟರಿಗೆ, ನನ್ನನ್ನು ಸೌದೆಗೆ ಹಾಕದ ನಿಖತ್‌ಗೆ ನಾನು ದಿನಾ ಮನಸ್ಸಿನಲ್ಲೇ ವಂದಿಸುತ್ತೇನೆ.

ಮೊನ್ನೆ ಸಂಜೆ ತನುಜ ಬಂದಳು. ನನ್ನ ಕೆಳಗೆ ನುಸುಳುತ್ತಿದ್ದ ಹುಡುಗಿ ಈಗ ಚಪ್ಪರದ ಗಳಕ್ಕೆ ತಲೆ ತಾಗುವಷ್ಟು ಎತ್ತರ. ವಾಲಿಬಾಲ್ ಆಡುತ್ತಾಳೆ. ರಾಜ್ಯದ ತಂಡಕ್ಕೆ ಆರಿಸಿದ್ದಾರಂತೆ, ಹೊಸ ಅಂಗಿ ಹಾಕಿಕೊಂಡು ಅಜ್ಜಿಗೆ ತೋರಿಸಲು ಬಂದಿದ್ದಳು. ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜಿಯ ಎದುರು ಬಂದು, ಅವಳಿಗೆ ಎಟುಕಲಿ ಎಂದು ಮಂಡಿ ಮಡಚಿ ಬಗ್ಗಿದಳು.

"ಬಗ್ಗಬ್ಯಾಡ" ಎಂದಳು ಹಾಲಮ್ಮ. "ನೆಟ್ಟಗೆ ನಿಂದ್ರು. ನಿನ್ ಮುಖ ನಾನೇ ನೋಡ್ತೀನಿ."

ತನುಜ ನೆಟ್ಟಗೆ ನಿಂತಳು. ಹಾಲಮ್ಮ ತಲೆಯೆತ್ತಿದಳು. ಬೆನ್ನು ನೆಟ್ಟಗೆ, ಕತ್ತು ಹಿಂದಕ್ಕೆ, ಕೈ ಮೇಲಕ್ಕೆ. ಆ ಎತ್ತರದ ಮುಖವನ್ನು ಬಹಳ ಹೊತ್ತು ನೋಡಿದಳು. ತಾನೊಬ್ಬಳೇ ಅಲ್ಲ, ಪಾದ ಮಾತ್ರ ಕಂಡು ಹೋದ ತನ್ನ ಅವ್ವನ ಪಾಲಿನದನ್ನೂ ಸೇರಿಸಿ ನೋಡುತ್ತಿದ್ದಾಳೆ ಅನ್ನಿಸಿತು ನನಗೆ. ಎರಡೂ ಕೆನ್ನೆ ನೇವರಿಸಿ, ಬೆರಳು ಮಡಚಿ ಕಪಾಳಕ್ಕೆ ಒತ್ತಿದಳು. ಸದ್ದು ಬರಲಿಲ್ಲ. ಇನ್ನೊಮ್ಮೆ ಒತ್ತಿದಳು. ಬರಲಿಲ್ಲ.

"ಬಿಡಜ್ಜಿ, ಪರ್ವಾಗಿಲ್ಲ" ಎಂದಳು ತನುಜ.

ಹಾಲಮ್ಮ ಅವಳ ಮುಖದಿಂದ ಕಣ್ಣು ತೆಗೆಯದೆಯೇ ಒಂದು ಕೈಯನ್ನು ಕೆಳಗೆ ಬಿಟ್ಟು ನನ್ನನ್ನು ತಡಕಿದಳು. ಅಂಗೈ ನಡುವಿಗೆ ಬಂದು ನಿಂತಿತು. ನಾನು ಸಿದ್ಧವಾಗಿದ್ದೆ. ಅವಳು ಒತ್ತಿದಳು, ನಾನು ಓಣಿಗೆಲ್ಲ ಕೇಳುವ ಹಾಗೆ ಲಟಕ್ ಎಂದೆ.